ಕುದುರೆಗೂ ಸವಾರನಿಗೂ ಮೊದಲ ಪಾಠ

ಕತ್ತಲಗೆರೆಯ ಕಡೆ ಎತ್ತು ಕಟ್ಟಿ ಬೇಸಾಯ ಮಾಡಿದ ಹಿರಿಯರನ್ನು ಕೇಳಿ ನೋಡಿ. ಹೊಸ ಹೋರಿಯನ್ನು ಮೊದಲ ದಿನವೇ ಭಾರ ಹೇರಿದ ಗಾಡಿಗೆ ಹೂಡುವುದುಂಟೇ? ಖಂಡಿತ ಇಲ್ಲ. ನುರಿತ ಎತ್ತಿನ ಜೊತೆ ನೊಗ ಹಾಕಿ, ಹಗುರವಾದ ಮರದ ತುಂಡನ್ನು ಎಳೆಸಿ, ಹಗ್ಗದ ಜಗ್ಗು, ಒಡೆಯನ ಕೂಗು ಇವುಗಳ ಅರ್ಥ ಅದಕ್ಕೆ ತಿಳಿದ ಮೇಲೆಯೇ ನೇಗಿಲು, ಗಾಡಿ. ಎತ್ತಿಗೆ ಸಲ್ಲುವ ಈ ನ್ಯಾಯ ಕುದುರೆಗೂ ಸಲ್ಲಬೇಡವೇ?

ಕುದುರೆಗೆ ಕೊಡುವ ಇಂಥ ಶಿಕ್ಷಣಕ್ಕೆ ‘ಡ್ರೆಸಾಜ್’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಈ ಮಾತಿಗೆ ಪಳಗಿಸುವುದು ಎಂದೇ ಅರ್ಥ. ಇದು ಸಿರಿವಂತರ ಸೊಗಸು, ಕುದುರೆಯ ಕುಣಿತ ಎಂದು ಹಲವರು ತಿಳಿದಿದ್ದಾರೆ. ಆದರೆ ಇದರ ಬುನಾದಿ ಇರುವುದು ಕುದುರೆಯ ಆರೋಗ್ಯದಲ್ಲಿ.

ನಿಂತ ಕುದುರೆಯ ಮೈಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಬೆನ್ನ ಮೇಲೆ ಸವಾರ ಕುಳಿತರಂತೂ ಆ ಹೊರೆ ಇನ್ನೂ ಹೆಚ್ಚು. ಹಿಂಗಾಲುಗಳನ್ನು ಹೊಟ್ಟೆಯ ಕೆಳಗೆ ಚೆನ್ನಾಗಿ ತಂದಿಟ್ಟು ಭಾರ ಹೊರಲು ಕಲಿಸುವುದೇ ಈ ಶಿಕ್ಷಣದ ತಿರುಳು. ಅದಕ್ಕಾಗಿಯೇ 20 ಮೀಟರು ಅಗಲದ ವೃತ್ತದಲ್ಲಿ ಎಡಕ್ಕೂ ಬಲಕ್ಕೂ ಸಮನಾಗಿ ಸುತ್ತಿಸುವುದು, ನಿಲ್ಲಿಸುವುದು, ಮತ್ತೆ ನಡೆಸುವುದು. ಗೊರಸಿನ ಸಪ್ಪಳಕ್ಕೆ ಕಿವಿಗೊಡಿ: ನಡಿಗೆಯಲ್ಲಿ ನಾಲ್ಕು ಪೆಟ್ಟು, ಕುಕ್ಕುಲೋಟದಲ್ಲಿ ಎರಡು, ಕ್ಯಾಂಟರ್ ಓಟದಲ್ಲಿ ಮೂರು. ಈ ತಾಳ ತಪ್ಪಿತೆಂದರೆ ಎಲ್ಲೋ ನೋವಿದೆ, ಇಲ್ಲವೇ ಪಾಠದಲ್ಲಿ ಅವಸರವಾಗಿದೆ ಎಂದು ತಿಳಿಯಬೇಕು.

ಇನ್ನು ಸವಾರನ ಮಾತು. ಕಲಿಯದ ಸವಾರ ಬೀಳುವ ಭಯದಿಂದ ಲಗಾಮನ್ನೇ ಜೋತುಬೀಳುತ್ತಾನೆ. ಲಗಾಮಿನ ತುದಿಯ ಕಡಿವಾಣವಾದರೋ ಕುದುರೆಯ ನಾಲಿಗೆಯ ಮೇಲೆ, ಹಲ್ಲಿಲ್ಲದ ವಸಡಿನ ಮೇಲೆ ಕುಳಿತಿರುತ್ತದೆ. ನಮ್ಮ ಭಯಕ್ಕೆ ಅದರ ಬಾಯಿ ದಂಡ ತೆರುತ್ತದೆ! ಆದ್ದರಿಂದ ಬಲ್ಲ ಗುರು ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತಿಸುತ್ತಾ, ಶಿಷ್ಯನಿಗೆ ಲಗಾಮಿಲ್ಲದೆ ಕೂರುವುದನ್ನು ಮೊದಲು ಕಲಿಸುತ್ತಾನೆ.

ಮೈಸೂರಿನ ಬನ್ನಿಮಂಟಪದಲ್ಲಿ ದಸರಾ ಪಂಜಿನ ಕವಾಯತನ್ನು ನೀವು ನೋಡಿರಬಹುದು. ಒಂದು ಕೈಯಲ್ಲಿ ಈಟಿ ಹಿಡಿದು, ನೆಲಕ್ಕೆ ನೆಟ್ಟ ಗೂಟವನ್ನು ಎತ್ತುವ ಪೊಲೀಸ್ ಸವಾರರಿಗೆ ಲಗಾಮಿಗೆ ಉಳಿಯುವುದು ಒಂದೇ ಕೈ. ಸವಾರನ ಕಾಲಿನ ಸೂಚನೆಗೆ ಕುದುರೆ ಒಪ್ಪದಿದ್ದರೆ ಅದು ಸಾಧ್ಯವೇ?

ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದು, 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಸವಾರಿ ಮಾಡಿದರು. ಅವರ ಸ್ಪರ್ಧೆ ಈವೆಂಟಿಂಗ್. ಅಡೆತಡೆ ಹಾರುವ ಸಾಹಸ ಅದರಲ್ಲಿ ಆಮೇಲಿನದು. ಮೊದಲ ಪರೀಕ್ಷೆ ಡ್ರೆಸಾಜೇ. 2023ರ ಏಷ್ಯನ್ ಕ್ರೀಡೆಗಳಲ್ಲಂತೂ ಭಾರತದ ತಂಡ ಡ್ರೆಸಾಜಿನಲ್ಲಿಯೇ ಚಿನ್ನ ತಂದಿತು. ಕುದುರೆ ಸವಾರಿಯಲ್ಲಿ 1982ರ ನಂತರ ನಮಗೆ ದೊರೆತ ಮೊದಲ ಚಿನ್ನವದು.

ನಿಮ್ಮ ಮಕ್ಕಳನ್ನು ಸವಾರಿ ಕಲಿಯಲು ಕಳುಹಿಸುವಿರಾದರೆ, “ಎಷ್ಟು ದಿನಕ್ಕೆ ಓಡಿಸುತ್ತಾನೆ?” ಎಂದು ಕೇಳಬೇಡಿ. “ಕೂರುವುದನ್ನು ಕಲಿತನೇ? ಕುದುರೆಯ ಬಾಯಿ ಶಾಂತವಾಗಿದೆಯೇ?” ಎಂದು ಕೇಳಿ. ನೊಗ ಹೊರಿಸುವ ಮುನ್ನ ಮಾತು ಕಲಿಸುವ ನಮ್ಮ ರೈತ ಬಲ್ಲ ಬುದ್ಧಿಯೂ ಇದೇ ತಾನೆ?