ಮಕ್ಕಳ ಆಟ ಮತ್ತು ಹಿರಿಯರ ಹೊಣೆ
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಮಕ್ಕಳ ಆಟಪಾಟಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಕ್ರೀಡಾಪಟುಗಳೇನೂ ಅಲ್ಲ. ಕಚೇರಿಯಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವವರು. ಆದರೂ ಮಗನ ಆಟ ನೋಡುತ್ತ ಮೈದಾನದ ಅಂಚಿನಲ್ಲಿ ನಿಂತು ನಾವು ಮಾಡಿದ ತಪ್ಪುಗಳು ಕೆಲವಿವೆ. ಆ ಅನುಭವವೇ ನಮಗಿರುವ ಅಧಿಕಾರ.

ಮೊದಲು ನಮ್ಮ ಸ್ಥಿತಿಯನ್ನು ಒಪ್ಪಿಕೊಳ್ಳೋಣ. ಈ ಸ್ಯಾಟಲೈಟ್ ಬಡಾವಣೆಯಲ್ಲಿ, ಇದರ ಸುತ್ತಮುತ್ತ ಇರುವ ಕನ್ನಡಿಗರಲ್ಲಿ ಹೊಟೇಲಿನಲ್ಲಿ ದುಡಿಯುವವರಿದ್ದಾರೆ, ಬ್ಯಾಂಕು ಕಚೇರಿಗಳ ಗುಮಾಸ್ತರಿದ್ದಾರೆ. ಊರು ಬಿಟ್ಟು ಬಂದವನಿಗೆ ಮಕ್ಕಳ ಮೇಲೆ ಆಸೆ ಹೆಚ್ಚು. ಹುಡುಗ ಚೆನ್ನಾಗಿ ಆಡುತ್ತಾನೆಂದು ಯಾರಾದರೂ ಅಂದರೆ ಸಾಕು, ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಆಟಗಾರರ ಕೋಟಾದಲ್ಲಿ ನೌಕರಿ ಸಿಕ್ಕೀತೆಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ. ತರಬೇತಿಯ ಶುಲ್ಕ, ಬ್ಯಾಟು, ಬೂಟು ಎಲ್ಲಕ್ಕೂ ಸಂಬಳದಲ್ಲಿ ಉಳಿಸಿ ಕೊಡುತ್ತೇವೆ. ಕೊಟ್ಟ ಹಣಕ್ಕೆ ಫಲ ಬೇಡವೆ? ಈ ಪ್ರಶ್ನೆಯಲ್ಲಿಯೇ ಕೆಡುಕು ಹುಟ್ಟುತ್ತದೆ.

ಒಂದು ಭಾನುವಾರ ಹುಡುಗರ ಪಂದ್ಯದಲ್ಲಿ ನಮ್ಮ ಮಗನಿಗೆ ಔಟ್ ಕೊಟ್ಟರು. ಅಂಪೈರಾಗಿ ನಿಂತಿದ್ದವನು ಪುಕ್ಕಟೆ ಬಿಸಿಲು ಕಾಯುತ್ತಿದ್ದ ಒಬ್ಬ ಕಾಲೇಜು ವಿದ್ಯಾರ್ಥಿ. ನಾವು ಮೈದಾನದೊಳಕ್ಕೆ ನುಗ್ಗಿ ಅವನನ್ನು ಬಾಯಿಗೆ ಬಂದಂತೆ ಅಂದೆವು. ಮಗ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ಹೊರಟುಹೋದ. ಮುಂದಿನ ವಾರ ಆಡುವಾಗ ಗಮನಿಸಿದೆವು: ಪ್ರತಿಯೊಂದು ಚೆಂಡಿಗೂ ಮೊದಲು ಅವನು ನಮ್ಮ ಮುಖ ನೋಡುತ್ತಿದ್ದ. ಚೆಂಡನ್ನು ನೋಡಬೇಕಾದ ಕಣ್ಣು ಅಪ್ಪನ ಮುಖ ನೋಡತೊಡಗಿದರೆ ಆ ಆಟ ಯಾರದು?

ನಾವು ಬಂದು ನೆಲೆಸಿರುವ ಈ ಊರೇ ಇದಕ್ಕೆ ಒಂದು ಪಾಠ ಹೇಳುತ್ತದೆ. ಜನವರಿ 14ರ ಉತ್ತರಾಯಣದ ದಿನ ಅಹಮದಾಬಾದಿನ ಮಾಳಿಗೆಗಳನ್ನು ನೀವೆಲ್ಲ ನೋಡಿದ್ದೀರಿ. ಗಾಳಿಪಟ ಹಾರಿಸುವವನು ಒಬ್ಬ, ಹಿಂದೆ ಫಿರ್ಕಿ ಹಿಡಿದು ನಿಂತವನು ಇನ್ನೊಬ್ಬ. ದಾರ ಬೇಕೆಂದಾಗ ಬಿಡುವುದು, ಸಡಿಲವಾದಾಗ ಸುತ್ತಿಕೊಳ್ಳುವುದು, ಇಷ್ಟೇ ಅವನ ಕೆಲಸ. ಅವನು ದಾರಕ್ಕೆ ಕೈಹಾಕಿ ಎಳೆದರೆ ಪಟ ನೆಲಕ್ಕೆ ಬೀಳುತ್ತದೆ. ಪಟ ಕತ್ತರಿಸಿ ಹೋದರೆ ಪಕ್ಕದ ಮಾಳಿಗೆಯವರು 'ಕಾಯ್ ಪೋ ಛೇ' ಎಂದು ಕೂಗುತ್ತಾರೆ. ಕಳೆದುಕೊಂಡವನು ಮತ್ತೊಂದು ಪಟ ಕಟ್ಟುತ್ತಾನೆ. ತಂದೆತಾಯಿಗಳ ಸ್ಥಾನ ಫಿರ್ಕಿ ಹಿಡಿದವನದು.

ಇನ್ನು ನಮ್ಮ ನಾಡಿನವರ ಕಡೆ ತಿರುಗೋಣ. ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರ ಹೆಸರು ಕೇಳದ ಕನ್ನಡಿಗನಿಲ್ಲ. 1980ರ ಫೆಬ್ರವರಿಯಲ್ಲಿ, ಕ್ರಿಕೆಟ್ ನಿಯಂತ್ರಣ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಇಂಗ್ಲೆಂಡಿನ ಮೇಲೆ ಟೆಸ್ಟ್ ನಡೆಯಿತು. ಅವರೇ ನಮ್ಮ ನಾಯಕರು. ಇಂಗ್ಲೆಂಡಿನ 5 ವಿಕೆಟ್ ಬಿದ್ದು ಭಾರತದ ಕೈ ಮೇಲಾಗಿತ್ತು. ಬಾಬ್ ಟೇಲರ್ ವಿಕೆಟ್ ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂಬುದು ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ತಿಳಿದಿತ್ತು. ಅವರು ಅಂಪೈರರಿಗೆ ಹೇಳಿ ಟೇಲರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಜೊತೆಯಾಟ ಆಡಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಆ ನಿರ್ಧಾರದಿಂದ ಲಾಭವಾಯಿತೆ ಎಂದು ಕೇಳಿದರೆ, ಆಗಲಿಲ್ಲ. ಅವರು ನಾಯಕರಾಗಿದ್ದುದು ಎರಡೇ ಟೆಸ್ಟುಗಳಿಗೆ. ಮತ್ತೆ ಆ ಪಟ್ಟ ಬರಲೂ ಇಲ್ಲ. ಒಳ್ಳೆಯತನಕ್ಕೆ ಕೂಡಲೇ ಬಹುಮಾನ ಸಿಗುತ್ತದೆಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳಾದೀತು. ಸೋಲುವ ಸಂಭವವಿದ್ದರೂ ಸರಿಯಾದುದನ್ನು ಮಾಡಬೇಕೆಂದೇ ಹೇಳಬೇಕು. ಅಂದಿನ ಅಂಕಿಗಳನ್ನು ಬಹಳ ಮಂದಿ ಮರೆತಿದ್ದಾರೆ. ವಿಶ್ವನಾಥರು ಮಾಡಿದ್ದನ್ನು ಇಂದಿಗೂ ನೆನೆಯುತ್ತಾರೆ.

ಅದೇ 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದರು. ಅವರು ಆಟ ಕಲಿತದ್ದು ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಮಂಟಪದಲ್ಲಿ; ಮದುವೆಯಿದ್ದ ದಿನ ಆಟಕ್ಕೆ ರಜ. ಆಟವನ್ನು ಹತ್ತಿಸಿದವರು ತಂದೆ ರಮೇಶ್ ಪಡುಕೋಣೆ. 1962ರಲ್ಲಿ ರಾಜ್ಯದ ಕಿರಿಯರ ಪಂದ್ಯಾವಳಿಗೆ ಮೊಟ್ಟಮೊದಲು ಇಳಿದಾಗ ಬಾಲಕ ಪ್ರಕಾಶ್ ಮೊದಲ ಸುತ್ತಿನಲ್ಲಿಯೇ ಸೋತರು. ಎರಡು ವರ್ಷಗಳಲ್ಲಿ ಅದೇ ಪ್ರಶಸ್ತಿ ಅವರದಾಯಿತು. ಏಳು ವರ್ಷದ ಮಗು ಮೊದಲ ಸುತ್ತಿನಲ್ಲಿ ಸೋತು ಬಂದಾಗ 'ಇವನಿಂದ ಏನಾಗುತ್ತದೆ' ಎಂದು ಬಿಡಿಸಿಬಿಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಈಗ ಹೇಳಲು ನಾಚಿಕೆಯಾಗುವ ಸಂಗತಿಗೆ ಬರುತ್ತೇವೆ. 14 ವರ್ಷದೊಳಗಿನವರ ಆಯ್ಕೆಗೆ ನಮ್ಮ ಮಗನ ವಯಸ್ಸು ಕೆಲವೇ ತಿಂಗಳು ಮೀರಿತ್ತು. ಹಿತೈಷಿಗಳೊಬ್ಬರು, "ಏನ್ರೀ ಇಷ್ಟಕ್ಕೆ ಯೋಚನೆ? ಊರಿನಿಂದ ಇನ್ನೊಂದು ಜನನ ಪತ್ರ ತರಿಸಿ" ಎಂದರು. ಎರಡು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಆದರೆ ಬೇಡವೆಂದು ಹೇಳುವ ಧೈರ್ಯವೂ ಬರಲಿಲ್ಲ. ಊರಿನ ಬಂಧುವಿಗೆ ಫೋನು ಮಾಡುವುದನ್ನು ಕೇಳಿಸಿಕೊಂಡ ಮಗ, "ಅಪ್ಪಾ, ಶಾಲೆಯಲ್ಲಿ ನನಗೆ ಒಂದು ವಯಸ್ಸು, ಮೈದಾನದಲ್ಲಿ ಇನ್ನೊಂದೇ? ಯಾರಾದರೂ ಕೇಳಿದರೆ ಯಾವುದು ಹೇಳಲಿ?" ಎಂದ. ಫೋನು ಕೆಳಗಿಟ್ಟೆವು.

ಇದು ನಮ್ಮೊಬ್ಬರ ಮನೆಯ ಮಾತಲ್ಲ. ರಾಹುಲ್ ದ್ರಾವಿಡ್ ಅವರು 19 ವರ್ಷದೊಳಗಿನವರ ತಂಡದ ತರಬೇತುದಾರರಾಗಿದ್ದಾಗ, 2015ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಮಾಡಿದ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ವಯಸ್ಸಿನ ಮೋಸವನ್ನೇ ಎತ್ತಿ ಆಡಿದರು. ತಂದೆತಾಯಿಯೂ ಗುರುವೂ ಸೇರಿ ಸುಳ್ಳು ಹೇಳುವುದನ್ನು ಕಂಡ ಮಗು ಮೋಸವನ್ನೇ ಕಲಿಯುತ್ತದೆ. ಇದಕ್ಕೂ ಮುಂದೆ ಪಂದ್ಯವನ್ನೇ ಮಾರಿಕೊಳ್ಳುವುದಕ್ಕೂ ಏನು ಅಂತರ ಎಂಬುದು ಅವರ ಮಾತಿನ ಸಾರ. ವಯಸ್ಸು ಮೀರಿದ ಹುಡುಗನೊಬ್ಬ ಒಳಬಂದರೆ ನ್ಯಾಯವಾಗಿ ಬರಬೇಕಾದ ಕಿರಿಯನೊಬ್ಬ ಹೊರಗುಳಿಯುತ್ತಾನೆ. ಆ ಕಿರಿಯನ ತಂದೆಯೂ ನಮ್ಮಂತೆ ಸಂಬಳದಲ್ಲಿ ಉಳಿಸಿದವನೇ. ಈಗ ಮಣಿಕಟ್ಟಿನ ಎಲುಬಿನ ಕ್ಷಕಿರಣ ಚಿತ್ರ ತೆಗೆದು ವಯಸ್ಸು ಅಂದಾಜು ಮಾಡುವ ಪದ್ಧತಿಯಿದೆ. ಸುಳ್ಳು ದಾಖಲೆ ಕೊಟ್ಟವರಿಗೆ ಎರಡು ವರ್ಷದ ನಿಷೇಧವೆಂದು ಮಂಡಳಿ 2020ರಲ್ಲಿ ಸಾರಿತು. ಆದರೆ ಎಲುಬಿನ ಚಿತ್ರಕ್ಕೆ ಹೆದರಿ ಸತ್ಯ ಹೇಳುವುದಕ್ಕಿಂತ ಮಗನ ಮುಖ ನೋಡಿ ಹೇಳುವುದು ಮೇಲು.

ಸೋಲಿನ ವಿಷಯ ಒಂದು ಮಾತು. 2023ರ ನವೆಂಬರ್ 19ರಂದು ನಮ್ಮ ಮೋಟೇರಾ ಮೈದಾನದಲ್ಲಿಯೇ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಭಾರತ ಆಸ್ಟ್ರೇಲಿಯಕ್ಕೆ ಸೋತಿತು. ಅಂದು ತರಬೇತುದಾರರು ದ್ರಾವಿಡ್. ನಮ್ಮ ಕಡೆ ಎಲ್ಲರಿಗಿಂತ ಹೆಚ್ಚು, 66 ರನ್, ಹೊಡೆದವರು ಕನ್ನಡಿಗರೇ ಆದ ಕೆ. ಎಲ್. ರಾಹುಲ್. ಬಹು ಮಂದಿ ಪ್ರೇಕ್ಷಕರು ಗೆದ್ದವರಿಗೆ ಕಪ್ಪು ಕೊಡುವವರೆಗೂ ನಿಲ್ಲದೆ ಎದ್ದು ಹೋದರು. ಜೊತೆಯಲ್ಲಿದ್ದ ಮಕ್ಕಳು ಅಂದು ಏನು ಕಲಿತರೋ! ದ್ರಾವಿಡರ ತಂಡವೇ 2024ರ ಜೂನಿನಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ ಗೆದ್ದಿತು. ಸೋತವರಿಗೆ ಮರುದಿನವೂ ಬೆಳಗಾಗುತ್ತದೆ.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಅಂಪೈರರ ತೀರ್ಪು ತಪ್ಪೆನಿಸಿದರೂ ಹೊರಗಿನಿಂದ ಕೂಗಬೇಡಿ. ಆಟ ಕಲಿಸುವ ಕೆಲಸವನ್ನು ಕಲಿಸುವವರಿಗೆ ಬಿಡಿ. ಎದುರು ತಂಡದ ಹುಡುಗ ಚೆನ್ನಾಗಿ ಆಡಿದರೆ ನೀವೇ ಮೊದಲು ಚಪ್ಪಾಳೆ ತಟ್ಟಿ. ಅವನು ಗುಜರಾತಿಯೋ, ಮರಾಠಿಯೋ, ಕನ್ನಡಿಗನೋ ಎಂದು ನೋಡಬೇಡಿ. ಮಗಳಿಗೆ ಆಡುವ ಮನಸ್ಸಿದ್ದರೆ ಅವಳನ್ನೂ ಕಳಿಸಿ. ಸೋತು ಬಂದ ಮಗುವಿಗೆ ಲೆಕ್ಕ ಕೇಳುವ ಮುಂಚೆ ಊಟ ಬಡಿಸಿ. ಹಣ ಕೊಟ್ಟದ್ದನ್ನು ಎಂದೂ ಆಡಿ ತೋರಿಸಬೇಡಿ.

ನಮ್ಮ ಮಗ ಆ ವರ್ಷ ಯಾವ ತಂಡಕ್ಕೂ ಆಯ್ಕೆಯಾಗಲಿಲ್ಲ, ಆಮೇಲೆಯೂ ಆಗಲಿಲ್ಲ. ಆದರೆ ಇಂದಿಗೂ ಭಾನುವಾರ ಬೆಳಗ್ಗೆ ನಾವು ಎಬ್ಬಿಸುವ ಮುಂಚೆಯೇ ಎದ್ದು ಬ್ಯಾಟು ಹಿಡಿದು ಹೊರಡುತ್ತಾನೆ. ನಾವೂ ಹಿಂದೆಯೇ ಹೋಗಿ ಬೇವಿನ ಮರದಡಿ ಕೂಡುತ್ತೇವೆ. ಈಗ ಅವನು ನಮ್ಮ ಕಡೆ ನೋಡುವುದಿಲ್ಲ, ಚೆಂಡನ್ನು ನೋಡುತ್ತಾನೆ. ನಮಗೆ ಅಷ್ಟು ಸಾಕು.