ಮದುವೆ ದಾಖಲೆಯಲ್ಲಿ ತಾಯಿಯ ಕವರು



ತುಳುನಾಡಿನಿಂದ ಮುಂಬಯಿಗೆ ಬಂದವರ ಮೊಮ್ಮಕ್ಕಳಿಗೆ ಅಜ್ಜ ಹಡಗು ಹತ್ತಿ ಬಂದು ಹೋಟೆಲಿನಲ್ಲಿ ದುಡಿದ ಕಥೆ ಗೊತ್ತು. ಅಜ್ಜಿ ಯಾವ ಮನೆಯವರೆಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಉತ್ತರವಿಲ್ಲ. ಹುಡುಕಾಟವನ್ನು ಮದುವೆಯ ದಾಖಲೆಯಿಂದ ಆರಂಭಿಸಿ ಎನ್ನುತ್ತೇನೆ.

ಕಥೋಲಿಕರಿಗೆ ಇದು ಸುಲಭ. ಮದುವೆಯ ಪುಸ್ತಕ ಇಡಬೇಕೆಂದು ಟ್ರೆಂಟ್ ಧರ್ಮಸಭೆ 1563ರಲ್ಲೇ ಪಾದ್ರಿಗಳಿಗೆ ವಿಧಿಸಿತ್ತು. ಈಗಿನ ನಿಯಮದಂತೆ, ಊರಿನಲ್ಲಿ ಜ್ಞಾನಸ್ನಾನ ಪಡೆದವರು ಮುಂಬಯಿಯ ಬಾಂದ್ರಾದಲ್ಲಿ ಮದುವೆಯಾದರೆ ಆ ಸುದ್ದಿ ಊರಿನ ಚರ್ಚಿಗೂ ಹೋಗಿ, ಜ್ಞಾನಸ್ನಾನದ ಪುಸ್ತಕದಲ್ಲಿ ಆ ಹೆಸರಿನ ಜೊತೆ ದಾಖಲಾಗಬೇಕು. ಒಂದು ಪುಸ್ತಕ ಸಿಕ್ಕಿದರೆ ಇನ್ನೊಂದರ ದಾರಿ ತೆರೆಯಿತು.

ಹಿಂದೂಗಳಲ್ಲಿ ಧಾರೆ ಎರೆದರೆ ಮದುವೆ ಮುಗಿಯಿತು, ಕಾಗದ ಯಾರಿಗೆ ಬೇಕಿತ್ತು? ಮುಂಬಯಿ ರಾಜ್ಯ 1953ರಲ್ಲಿ ನೋಂದಣಿಯ ಕಾನೂನು ತಂದಿತು. 1998ರಲ್ಲಿ ಮಹಾರಾಷ್ಟ್ರದ ಹೊಸ ಕಾನೂನು ಬಂತು. ಎಲ್ಲ ಧರ್ಮದವರ ಮದುವೆಯೂ ನೋಂದಣಿಯಾಗಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಹಾಗಾಗಿ ಅಜ್ಜ-ಅಜ್ಜಿಯ ಸರ್ಟಿಫಿಕೇಟ್ ಸಿಗದಿದ್ದರೆ ಎದೆಗುಂದಬೇಡಿ, ಅಪ್ಪ-ಅಮ್ಮನದನ್ನು ನೋಡಿ. 1998ರ ಕಾನೂನಿನ ಅರ್ಜಿಯಲ್ಲಿ ಪುರೋಹಿತರ ಸಹಿಯ ಜೊತೆ ಮೂವರು ಸಾಕ್ಷಿಗಳ ಹೆಸರು, ವಿಳಾಸ ಇರುತ್ತವೆ. ಆ ಮೂವರಲ್ಲಿ ಸೋದರಮಾವನಿದ್ದರೆ ನಿಮ್ಮ ಅದೃಷ್ಟ. ಪೆಟ್ಟಿಗೆಯ ತಳದಲ್ಲಿ ಹಳೆಯ ಆಮಂತ್ರಣ ಪತ್ರಿಕೆ ಉಳಿದಿದ್ದರೆ ಇನ್ನೂ ಒಳ್ಳೆಯದು. ಗುತ್ತು, ಬರ್ಕೆ, ಬೀಡು ಎಂದು ಮನೆಯ ಹೆಸರು ಅಚ್ಚಾಗಿರುವುದು ಅದರಲ್ಲೇ.

ಸೋದರಮಾವನೇ ಯಾಕೆ? ಬಂಟರು, ಬಿಲ್ಲವರು, ಮೊಗವೀರರು ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದವರು. ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ. ಸರಕಾರಿ ಅರ್ಜಿಯಲ್ಲಿ ತಂದೆಯ ಹೆಸರನ್ನೇ ಹಿಡಿದು ಹೊರಟರೆ ನೀವು ತಲುಪುವುದು ಅವರ ತಾಯಿಯ ಬಳಿಯನ್ನು, ಅದು ನಿಮ್ಮದಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಕ್ಕಳು ದಾರಿ ತಪ್ಪುವುದು ಇಲ್ಲೇ ಎಂದು ನನಗನಿಸುತ್ತದೆ.

ಆದ್ದರಿಂದ ತಾಯಿಯ ಹೆಸರು, ಅವರ ತಾಯಿಯ ಹೆಸರು, ಹೀಗೆ ಹಿಂದೆ ಹಿಂದೆ ಹೋಗಿ. ಇದಕ್ಕೆ ಆಸ್ತಿಯ ಪಾಲುಪತ್ರಗಳು ನೆರವಾಗುತ್ತವೆ. 1949ರಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ವರ್ಷದ ಮದ್ರಾಸ್ ಅಳಿಯಸಂತಾನ ಕಾನೂನು ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಕವರುಗಳಿಗೆ ಕೊಟ್ಟಿತು. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣುಮಕ್ಕಳ ಮೂಲಕ ಇಳಿದು ಬಂದ ಸಂತತಿ. ಪಾಲು ಮಾಡಬೇಕಾದರೆ ಯಾರು ಯಾರ ಮಗಳು ಎಂದು ಬರೆಯಲೇಬೇಕಲ್ಲ! ಮುಂಬಯಿಗೆ ಹೋದ ತಮ್ಮಂದಿರ ಹೆಸರೂ ಆ ಪಾಲುಪತ್ರಗಳಲ್ಲಿ ಸೇರಿರಬಹುದು. ಮದುವೆಯ ದಾಖಲೆಯಿಂದ ಅಜ್ಜಿಯ ಹೆಸರು, ಮನೆಯ ಹೆಸರು ಗೊತ್ತಾದರೆ ಉಡುಪಿಯಲ್ಲೋ ಕಾರ್ಕಳದಲ್ಲೋ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ಆ ಕುಟುಂಬದ ಪಾಲುಪತ್ರದ ನಕಲು ಕೇಳಿ.