ಸವಳು ಭೂಮಿ ಮತ್ತು ಬೆಳೆಯ ಒಳಬಲ



ಶತಮಾನೋತ್ಸವದ ವಿಜ್ಞಾನ ಗೋಷ್ಠಿಗೆ ನಾವು ಸವಳು ಭೂಮಿಯನ್ನು ವಿಷಯವಾಗಿ ಆರಿಸಿಕೊಂಡಿದ್ದೇವೆ. ಅಕ್ಕಲಕೋಟೆಯ ಸುತ್ತಿನ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಒಕ್ಕಲು ಮನೆತನದವರು. ಹೊಲ ಕೈಬಿಟ್ಟು ಕುಟುಂಬ ಊರು ತೊರೆದರೆ ಮಗುವಿನ ಹೆಸರೂ ನಮ್ಮ ಹಾಜರಿ ಪಟದಿಂದ ಅಳಿಯುತ್ತದೆ.

ಎರೆಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದಾಗ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆರಿ, ಉಪ್ಪು ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಸವಳು ಎಂಬುದು ರೂಢಿಯ ಲೆಕ್ಕ. ಆದರೆ ಕಬ್ಬಿನ ಇಳುವರಿ ಸುಮಾರು 1.7ರಿಂದಲೇ ಇಳಿಯತೊಡಗುತ್ತದೆ; ಜೋಳ 6.8ರವರೆಗೆ ತಾಳಿಕೊಳ್ಳುತ್ತದೆ. ಜೋಳವನ್ನು ಬಡವರ ಬೆಳೆಯೆಂದು ಹಳಿಯುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಉಪ್ಪು ಹೆಚ್ಚಿದ ಮಣ್ಣಿನಿಂದ ಬೇರು ನೀರನ್ನು ಸೆಳೆಯಲಾರದು. ಇದ್ದ ನೀರನ್ನಾದರೂ ಉಳಿಸಲು ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಒಳಬರುವುದು ಕುಗ್ಗುತ್ತದೆ. ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಆ ಶಕ್ತಿ ಆಮ್ಲಜನಕಕ್ಕೆ ತಗುಲಿ, ಸೂಪರ್ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ಗಳಂಥ ಉಗ್ರ ರೂಪಗಳು ಹುಟ್ಟುತ್ತವೆ. ಹಳತಾದ ಶೇಂಗಾ ಚಟ್ನಿ ಕಮಟು ವಾಸನೆ ಹೊಡೆಯುವುದನ್ನು ತಾಯಂದಿರು ಬಲ್ಲರು. ಅದು ಎಣ್ಣೆಯ ಉತ್ಕರ್ಷಣ. ಎಲೆಯ ಜೀವಕೋಶದ ಪೊರೆಯಲ್ಲಿರುವ ಕೊಬ್ಬಿಗೂ ಆಗುವುದು ಇದೇ ಬಗೆಯ ಹಾನಿ.

ಇದನ್ನು ತಡೆಯುವ ಉತ್ಕರ್ಷಣ ನಿರೋಧಕಗಳು ಸಸ್ಯದಲ್ಲಿಯೇ ಇವೆ. ಕೆಟಲೇಸ್‌ನಂಥ ಕಿಣ್ವಗಳು ಕೆಲವು, ಗ್ಲುಟಾಥಯೋನ್ ಮತ್ತು ಆಸ್ಕಾರ್ಬಿಕ್ ಆಮ್ಲ ಇನ್ನು ಕೆಲವು. ಆಸ್ಕಾರ್ಬಿಕ್ ಆಮ್ಲವೆಂದರೆ ನೆಲ್ಲಿಕಾಯಿಯಲ್ಲಿ ಹೇರಳವಾಗಿರುವ ಸಿ ಜೀವಸತ್ವವೇ. ಉಪ್ಪು ವಿಪರೀತವಾದಾಗ ಈ ಒಳಬಲ ಸಾಲದು. ಆದ್ದರಿಂದ ಹೊರಗಿನಿಂದ ಒದಗಿಸಿ ನೋಡಿದ್ದಾರೆ: ಲೀಟರು ನೀರಿಗೆ 100 ಮಿಲಿಗ್ರಾಂನಷ್ಟು ಆಸ್ಕಾರ್ಬಿಕ್ ಆಮ್ಲ ಕರಗಿಸಿ ಗೋದಿಯ ಬೀಜ ನೆನೆಸಿದಾಗ, ಇಲ್ಲವೆ ಎಲೆಗೆ ಸಿಂಪಡಿಸಿದಾಗ, ಸಸಿಗಳು ಉಪ್ಪನ್ನು ಹೆಚ್ಚು ತಾಳಿಕೊಂಡದ್ದು ಪ್ರಯೋಗಗಳಲ್ಲಿ ಕಂಡಿದೆ. ತಳಿ ಬದಲಾದರೆ, ಪ್ರಮಾಣ ಬದಲಾದರೆ ಫಲವೂ ಬದಲಾಗುತ್ತದೆ. ಕುಂಡದಲ್ಲಿ ಕಂಡ ಫಲ ಹೊಲದಲ್ಲಿಯೂ ಸಿಗುವುದೆಂಬ ಭರವಸೆಯಿಲ್ಲ. ಅಲ್ಲದೆ ಈ ದ್ರಾವಣ ಗಾಳಿ, ಬೆಳಕಿಗೆ ಬೇಗ ಕೆಡುತ್ತದೆ; ಆಗಿಂದಾಗ್ಗೆ ಕಲಸಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ ಪಾಲಕರಿಗೆ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳುತ್ತೇವೆ. ಈ ಉಪಚಾರದಿಂದ ಮಣ್ಣಿನ ಉಪ್ಪು ಒಂದು ಕಾಳಿನಷ್ಟೂ ಕಡಿಮೆಯಾಗದು. ಸಾಲ ಮಾಡಿ ಬಣ್ಣದ ಬಾಟಲಿ ತರುವ ಮುನ್ನ ಬಸಿಗಾಲುವೆಯ ಲೆಕ್ಕ ಹಾಕಿರಿ. ನೀರನ್ನು ಹಿಡಿತದಲ್ಲಿಟ್ಟು, ಉಪ್ಪು ತೊಳೆದು ಹೋಗಲು ದಾರಿ ಮಾಡದೆ ಬೇರೆ ಉಪಾಯವಿಲ್ಲ. ಸೋಡಿಯಂ ಹಿಡಿದ ಮಣ್ಣಿಗೆ ಜಿಪ್ಸಂ ಬೇಕು. ಬರಿಯ ಸವಳಿಗೆ ಅದು ದಂಡದ ಖರ್ಚು. ಯಾವುದು ಯಾವುದೆಂಬುದು ಮಣ್ಣು ಪರೀಕ್ಷೆಯಿಂದಲೇ ತಿಳಿಯಬೇಕು.

ಪರೀಕ್ಷೆಗೆ ಮಣ್ಣು ತೆಗೆಯುವ ಕ್ರಮವನ್ನು ಒಂಬತ್ತನೆಯ ತರಗತಿಯ ಮಕ್ಕಳು ಕಲಿತಿದ್ದಾರೆ. ಹೊಲದ ಎಂಟು ಹತ್ತು ಕಡೆ ಅಗೆದು ತೆಗೆದು ಕೂಡಿಸಬೇಕು. ಬಿಳಿ ತೇಲಿದ ಜಾಗದ ಮಣ್ಣನ್ನು ಬೇರೆ ಚೀಲದಲ್ಲಿಡಬೇಕು. ಗೊಬ್ಬರದ ಹಳೆಯ ಚೀಲ ಮಾತ್ರ ಬಳಸಬೇಡಿರಿ.